ಪಟ್ಟಿಯಲ್ಲಿಲ್ಲದ ಪ್ರಶ್ನೆ

"ಭಯ ಅನ್ನುವ ಮಾತೇ ಬೇಡ ಅಂದಿದ್ದೆ," ಲವಿಟಾ ಕ್ಯಾಮೆರಾ ಆಫ್ ಮಾಡಿದಳು. "ಭಯಪಡಬೇಡಿ ಅಂದರೆ ಜನರಿಗೆ ಭಯವೇ ನೆನಪಿರುತ್ತದೆ."

ಆನ್ಸೆಲ್ಮ್ ಟೈ ಸಡಿಲಿಸಿದ. "ಮತ್ತೆ ಎಂತ ಹೇಳುವುದು ಮಾರಾಯ್ರೆ?"

"ಪಟ್ಟಿಯಲ್ಲಿ ಬರೆದದ್ದು."

ಅಬುಧಾಬಿಯ ಆ ಪಿಆರ್ ಆಫೀಸಿನಲ್ಲಿ ಅವಳ ಕೆಲಸವೇ ಅದು. ಇಲ್ಲಿನ ಅಣುವಿದ್ಯುತ್ ಸ್ಥಾವರದ ಬಗ್ಗೆ ಹೊರದೇಶದವರು ಏನೇನು ಕೇಳಬಹುದೆಂದು ಊಹಿಸಿ, ಉತ್ತರ ಬರೆದಿಡುವುದು. ನಾಳೆ ವಿದೇಶಿ ಪತ್ರಕರ್ತರೆದುರು ಮಾತಾಡಬೇಕಾದವನು ಆನ್ಸೆಲ್ಮ್, ಸ್ಥಾವರದಲ್ಲಿ ವಿಕಿರಣ ಅಳೆಯುವವನು. ತಾಲೀಮಿಗೆಂದು ಮೂರು ವಾರದಿಂದ ಸ್ಥಾವರದ ಹತ್ತಿರದ ಊರು ರುವೈಸ್‌ನಿಂದ ಕಾರು ಓಡಿಸಿಕೊಂಡು ಬರುತ್ತಿದ್ದ. ಬರುವಾಗ ಅವಳಿಗೊಂದು ಗಟ್ಟಿ ಹಾಲಿನ ಕರಕ್ ಚಹಾ. ಬೆಳಿಗ್ಗೆಯಿಂದ ಅವಳು ಆ ಚಹಾಕ್ಕೆ ಕಾಯುತ್ತಿದ್ದಳು; ಕಾಯುತ್ತಿಲ್ಲವೆಂದು ತನಗೇ ಉತ್ತರ ಹೇಳಿಕೊಳ್ಳುತ್ತಿದ್ದಳು.

"ಈಗ ನಾನು ಪತ್ರಕರ್ತೆ. ಸ್ಥಾವರದ ಹತ್ತಿರ ಸಂಸಾರ ಮಾಡಲಿಕ್ಕೆ ಆಗುತ್ತದಾ?"

"ಧಾರಾಳ. ನನ್ನ ಬಾಲ್ಕನಿಯಲ್ಲಿ ಬಸಳೆ ಹಬ್ಬಿದೆ. ದಿನಾ ಅಳೀತೇನೆ. ವಿಕಿರಣವನ್ನು, ಬಸಳೆಯನ್ನಲ್ಲ."

ಅವಳ ತುಟಿಯಂಚು ಅಲುಗಿತು. ಅವನು ನೋಡಿದ, ನೋಡಿದ್ದನ್ನು ಅವಳೂ ನೋಡಿದಳು.

"ನನ್ನದೊಂದು ಪ್ರಶ್ನೆ," ಅಂದ. "ನೀವು ಬರ್ತೀರಾ ಅಲ್ಲಿಗೆ? ಮದುವೆಯಾಗಿ?"

ನಲವತ್ತೆರಡರ ಲವಿಟಾ ಪಟ್ಟಿ ತಿರುವಿದಳು. ಮೂವತ್ತಾರು ಪ್ರಶ್ನೆಗಳಿದ್ದವು, ಇದಿರಲಿಲ್ಲ. ಸುರಕ್ಷಿತ ಸುರಕ್ಷಿತ ಎಂದು ಎಂಟು ವರ್ಷ ಬರೆದವಳು ಒಮ್ಮೆಯೂ ಸ್ಥಾವರದ ದಾರಿ ಹಿಡಿದಿರಲಿಲ್ಲ.

"ನೀವೇ ಬರೆದದ್ದನ್ನು ನೀವೇ ನಂಬದಿದ್ದರೆ ಎಂತ ಮಾಡುವುದು," ಎಂದು ಅವನು ಎದ್ದು ಹೋದ. ಚಹಾ ಆರಿತು.

ಮರುದಿನ ತುಂಬಿದ ಹಾಲ್‌ನಲ್ಲಿ ಒಬ್ಬ ಮುದುಕ ಪತ್ರಕರ್ತ ಕೇಳಿದ: "ನಿಮಗೆ ಹೆದರಿಕೆ ಇಲ್ಲವೇ?"

ಆನ್ಸೆಲ್ಮ್ ಪಟ್ಟಿ ನೋಡಲಿಲ್ಲ. "ಇದೆ. ಅದಕ್ಕೇ ದಿನಾ ಅಳೀತೇನೆ. ಹೆದರಿಕೆ ಹೋದವನನ್ನು ಆ ಕೆಲಸಕ್ಕೆ ಇಡಬಾರದು."

ಎಲ್ಲ ಕೆಟ್ಟಿತು ಅಂದುಕೊಂಡಳು ಲವಿಟಾ. ಆದರೆ ಆ ಮುದುಕ ತಲೆಯಾಡಿಸಿ, ನಿಧಾನವಾಗಿ ಬರೆದುಕೊಂಡ. ಅವಳ ಮೂವತ್ತಾರು ಉತ್ತರಗಳಲ್ಲಿ ಒಂದನ್ನೂ ಯಾರೂ ಹಾಗೆ ಬರೆದುಕೊಂಡಿರಲಿಲ್ಲ.

ಎಲ್ಲ ಮುಗಿದ ಮೇಲೆ ಆನ್ಸೆಲ್ಮ್‌ನ ಕಾರಿನ ಬಾಗಿಲು ತೆರೆದು ಕುಳಿತಳು.

"ಬಸಳೆ ತೋರಿಸಿ."

"ಸ್ಥಾವರದ ಹೆದರಿಕೆ ಹೋಯಿತಾ?"

"ಅದಲ್ಲ ನನ್ನ ಹೆದರಿಕೆ. ಹದಿನೈದು ವರ್ಷ ಒಬ್ಬಳೇ ಇದ್ದೆ. ಬಾಗಿಲಲ್ಲಿ ಇನ್ನೊಬ್ಬರ ಚಪ್ಪಲಿ ನೋಡಿ ಅಭ್ಯಾಸವಿಲ್ಲ." ಸೀಟ್ ಬೆಲ್ಟ್ ಎಳೆದುಕೊಂಡಳು. "ಭಯ ಇದೆ ಆನ್ಸೆಲ್ಮ್. ಆದರೂ ಬಂದೆ."

ಅವನು ಕಪ್ ಇಡುವ ಜಾಗದಿಂದ ಬಿಸಿ ಚಹಾ ತೆಗೆದು ಅವಳ ಕೈಗಿತ್ತ. ಇವತ್ತೂ ತಂದಿದ್ದ.

"ಇರಲಿ," ಅಂದ. "ಅದನ್ನೂ ದಿನಾ ಅಳೆಯುವ."