ವುಲ್‌ಪ್ಯಾಕಿನ ಮೂಲೆಗಂಬ

"ಇನ್ನೊಂದು ಬೆರಳು ಮುರೀಲಾ?" ಅಂದ ಲೋಮ್ಯಾಕ್ಸ್.

ಒಂದು ಆಗಲೇ ಮುರಿದಿತ್ತು. ಪಬ್ ಮಾಲೀಕ ವಿಲ್ಫ್ರೆಡ್ ಗ್ಯಾರಡ್‌ನ ಕೈ ಕೌಂಟರಿನ ಮೇಲೆ. ಕೈ ಮೇಲೆ ಲೋಮ್ಯಾಕ್ಸ್‌ನ ಪಿಸ್ತೂಲಿನ ಹಿಡಿ. ಪಕ್ಕದಲ್ಲಿ ಚೈನ್ ಗರಗಸ ಹಿಡಿದು ನಾನು... ಹೊರಗೆ ಇಂಗ್ಲೆಂಡಿನ ಸಫೊಕ್‌ನ ಹಾಳು ಮಳೆ.

ಕೇಳಿ, ವುಲ್‌ಪ್ಯಾಕ್ ಪಬ್ ಐನೂರು ವರ್ಷದ ಓಕ್ ಮರದ ಚೌಕಟ್ಟು. ಕೆಡವಲು ಕಾನೂನು ಬಿಡುವುದಿಲ್ಲ. ತಾನಾಗಿ ಬಿದ್ದರೆ? ಲೋಮ್ಯಾಕ್ಸ್ ಜಾಗ ಅಗ್ಗಕ್ಕೆ ಕಿತ್ತುಕೊಂಡು ಅಲ್ಲಿ ಫ್ಲ್ಯಾಟ್ ಕಟ್ಟಬಹುದು.

ಹಾಗೆ 'ತಾನಾಗಿ' ಬೀಳಿಸುವವನು ನಾನು.

"ಮಾಳಿಗೆ ಹೊತ್ತಿರೋ ಕಂಬ ಯಾವುದೋ, ಮುದುಕ?" ಅಂದ ಲೋಮ್ಯಾಕ್ಸ್.

ಗ್ಯಾರಡ್ ಒಲೆಯ ಪಕ್ಕದ ಕಪ್ಪು ಕಂಬ ತೋರಿಸಿದ. ನನಗೆ ನಗು ಬಂತು. ಅಸಲಿ ಓಕಿಗೆ ಹಿಂದೆ ಇಲ್ಲಿ ಯಾರೂ ಕಪ್ಪು ಬಳಿಯುತ್ತಿರಲಿಲ್ಲ. ಇದು ಯಾರದೋ ತಾತ ಪ್ರವಾಸಿಗರಿಗೆಂದು ಹೊಡೆಸಿದ ಹಲಗೆ. ಮೇಲೆ ಥಳಕು, ಒಳಗೆ ಹುಳುಕು. ಆದರೂ, ಮುದುಕನ ಸುಳ್ಳು ನನಗೇಕೆ ಅಂತ ಕೊಯ್ದೆ.

ಕಂಬ ಉರುಳಿತು. ಪಬ್ ಅಲುಗಲಿಲ್ಲ.

ಲೋಮ್ಯಾಕ್ಸ್ ಎರಡನೇ ಬೆರಳು ಮುರಿದ.

"ಬೇಕಾದ್ರೆ ನನ್ನ ಕೊಲ್ಲು," ಅಂದ ಗ್ಯಾರಡ್, ಹಲ್ಲು ಕಚ್ಚಿ. "ಮೇಲೆ ಹಿಂದಿನ ಕೋಣೇಲಿ ನನ್ನ ಹೆಂಡ್ತಿ ಮಲಗಿದಾಳೆ. ಡಲ್ಸಿಗೆ ಏಳೋಕಾಗಲ್ಲ."

ನಾನು ಲೋಮ್ಯಾಕ್ಸ್ ಕಡೆ ತಿರುಗಿದೆ. "ಮನೆ ಖಾಲಿ ಅಂದಿದ್ರಿ."

"ಮುದುಕಿ ಕಣಯ್ಯ. ಇವತ್ತಲ್ಲ ನಾಳೆ ಹೋಗೋಳೇ." ಪಿಸ್ತೂಲು ನನ್ನತ್ತ ತಿರುಗಿತು. "ನೀನು ದೊಡ್ಡ ಪಂಡಿತ ತಾನೆ? ನೀನೇ ತೋರಿಸು. ಇಲ್ಲಾಂದ್ರೆ ಅವಳ ಜೊತೆ ನೀನೂ ಹೋಗು."

ಮೈಯೆಲ್ಲ ಉರಿದುಹೋಯಿತು. ನಾನು ಮರ ಕೊಯ್ಯುವವನು, ಹಾಸಿಗೆ ಹಿಡಿದ ಹೆಂಗಸರನ್ನಲ್ಲ.

"ರಸ್ತೆ ಕಡೆಯ ಮೂಲೆಗಂಬ," ಅಂದೆ. "ನೀವು ಹೊರಗಿರಿ. ಬೀಳೋದು ಒಳಕ್ಕೆ."

ಗ್ಯಾರಡ್ ತಲೆಯೆತ್ತಿದ. ನನ್ನ ಸುಳ್ಳು ಅವನಿಗೆ ತಿಳಿಯಿತು. ಹೌದೆಂಬಂತೆ ತಲೆಯಾಡಿಸಿದ.

ವುಲ್‌ಪ್ಯಾಕಿನ ಮಾಳಿಗೆ ಮೂಲೆಯ ಎರಡೂ ಬದಿಗೆ ರಸ್ತೆಯ ಮೇಲೆ ಚಾಚಿಕೊಂಡಿದೆ. ಆ ಭಾರವೆಲ್ಲ ಮೂಲೆಗಂಬದ ತಲೆಯ ಮೇಲೆ. ಅದನ್ನು ಕೊಯ್ದರೆ ಚಾಚಿದ್ದಷ್ಟೇ ಬೀಳುತ್ತದೆ... ಹೊರಕ್ಕೆ. ಡಲ್ಸಿಯ ಕೋಣೆಗೆ ಬೇರೆ ಕಂಬಗಳಿವೆ.

ಲೋಮ್ಯಾಕ್ಸ್ ಹೊರಗೆ ಹೋದ. ಮಳೆ ಬಂದರೆ ಈ ಊರಿನವರೆಲ್ಲ ಮಾಡುವುದನ್ನೇ ಅವನೂ ಮಾಡಿದ. ಮೇಲೆ ನೋಡದೆ ಆ ಚಾಚಿನ ಕೆಳಗೆ ಸರಿದು ನಿಂತ. ಕಿಟಕಿಯಿಂದ ಒಳಕ್ಕೆ ಪಿಸ್ತೂಲು ಚಾಚಿದ.

"ಬೇಗ ಮುಗಿಸೋ!"

ಮುಗಿಸಿದೆ.

ಓಕ್ ಒಮ್ಮೆ ಕಿರುಗುಟ್ಟಿತು. ಆಮೇಲೆ ತೊಲೆ, ಗಾರೆ, ಗಾಜು, ಎಲ್ಲ ರಸ್ತೆಗೆ ಸುರಿಯಿತು. ನಾನು ಹಿಂದಕ್ಕೆ ಹಾರಿದೆ. ರಾಶಿಯ ಅಡಿಯಿಂದ ಲೋಮ್ಯಾಕ್ಸ್ ನರಳುವುದು ಕೇಳಿಸುತ್ತಿತ್ತು.

"ಬದುಕಿದಾನೆ," ಅಂದೆ. "ಆಂಬುಲೆನ್ಸ್ ಕರೀಲಾ?"

ಗ್ಯಾರಡ್ ನೆಟ್ಟಗಿದ್ದ ಕೈಯಿಂದ ಬಿಯರ್ ಬಗ್ಗಿಸಿ ನನ್ನ ಮುಂದಿಟ್ಟ. ನಾನು ಕೂತೆ.

ಮಾಳಿಗೆಯಿಂದ ಡಲ್ಸಿಯ ದನಿ ಬಂತು. "ವಿಲ್ಫ್, ಏನ್ರೀ ಅದು ಬಿದ್ದಿದ್ದು? ಯಾರೋ ನರಳ್ತಿದಾರಲ್ಲ?"

"ಹಳೇ ಮರ ಕಣೇ," ಅಂದ ಗ್ಯಾರಡ್. "ಸ್ವಲ್ಪ ಹೊತ್ತಿಗೆ ನಿಂತ್ಹೋಗುತ್ತೆ."