ಜಕ್ಕಲೆಯ ನೆರಳು

ಬಹಳ ಹಿಂದೆ, ಒಂದು ಬೆಟ್ಟದ ಬುಡದಲ್ಲಿ ನುಡಿಗೆರೆ ಎಂಬ ರಾಜ್ಯವಿತ್ತು. ಅಲ್ಲೊಂದು ಕೆರೆ. ಕೆರೆಯ ದಂಡೆಯಲ್ಲೊಂದು ಕಲ್ಲಿನ ಕಟ್ಟೆ. ಅದನ್ನು ಮಾತಿನ ಕಟ್ಟೆ ಎನ್ನುತ್ತಿದ್ದರು. ರಾಜ್ಯದ ಯಾವ ಸಂಗತಿಯೇ ಇರಲಿ, ಆ ಕಟ್ಟೆಯ ಮೇಲೆ ಮಾತಾಡಿಯೇ ತೀರ್ಮಾನವಾಗಬೇಕು.

ಆ ಕಟ್ಟೆಗೆ ಒಂದು ಪದ್ಧತಿ ಇತ್ತು. ಒಬ್ಬರ ಮಾತಿಗೆ ಎದುರು ಹೇಳಬೇಕಾದರೆ ಮೊದಲು ಆ ಮಾತನ್ನು ಎರವಲು ಪಡೆಯಬೇಕು. 'ನೀವು ಹೇಳಿದ್ದು ಹೀಗೆ' ಎಂದು ಅವರ ಮಾತನ್ನು ಅವರಿಗೇ ಪೂರ್ತಿಯಾಗಿ ಹೇಳಬೇಕು. ಅವರು 'ಹೌದು, ನನ್ನ ಮಾತು ಇದೇ' ಎಂದ ಮೇಲೆ ತನ್ನ ಮಾತು ಶುರು. ನೆರೆಮನೆಯಿಂದ ತಂದ ಪಾತ್ರೆಯನ್ನು ಆ ಊರಲ್ಲಿ ಯಾರೂ ಬರಿದಾಗಿ ಹಿಂದಿರುಗಿಸುತ್ತಿರಲಿಲ್ಲ. ಒಂದು ಹಿಡಿ ಕಾಳೋ ಒಂದು ತುಂಡು ಬೆಲ್ಲವೋ ಹಾಕಿ ಕೊಡುತ್ತಿದ್ದರು. ಎರವಲು ತಂದ ಮಾತನ್ನೂ ಹಾಗೆಯೇ ಕೊಡುತ್ತಿದ್ದರು.

ಕಟ್ಟೆಯ ಪಂಡಿತೆ ಜಕ್ಕಲೆ. ಅವಳ ಗಂಡ ಕೇತ, ಡಂಗುರ ಹೊಡೆಯುವವನು. ಅವಳು ಓಲೆಗರಿ ಓದಿದವಳು. ಅವನಿಗೆ ಅಕ್ಷರ ಬಾರದು. ದೊರೆ ಏನಾದರೂ ಕಷ್ಟದ್ದು ಕೇಳಿದರೆ ಜಕ್ಕಲೆ ಹೇಳುತ್ತಿದ್ದುದು ಒಂದೇ.

"ಗೊತ್ತಿಲ್ಲ. ನೋಡಿ ಹೇಳ್ತೀನಿ."

ಆಮೇಲೆ ಹೋಗಿ ನೋಡುತ್ತಿದ್ದಳು. ಓಲೆಗಳನ್ನು ಬಿಚ್ಚುತ್ತಿದ್ದಳು. ಕುರುಬರನ್ನು ಕೇಳುತ್ತಿದ್ದಳು, ಬೆಸ್ತರನ್ನು ಕೇಳುತ್ತಿದ್ದಳು. ಹಿಂದಿನ ದಿನ ಕೇಳಿದವರನ್ನೇ ಮತ್ತೆ ಕೇಳುತ್ತಿದ್ದಳು. ಉತ್ತರ ಬರುವಷ್ಟರಲ್ಲಿ ಕೆಲವು ಸಲ ಬಿತ್ತಿದ್ದು ಕಟಾವಿಗೆ ಬರುತ್ತಿತ್ತು.

ಮನೆಯಲ್ಲೂ ಅವಳು ಹಾಗೆಯೇ. ಅವಳು ಓದುತ್ತಾ ಕೂತರೆ ಕೇತ ಅಡುಗೆ ಮಾಡುತ್ತಿದ್ದ. "ಉಪ್ಪು ಸಾಕೇನೇ?" ಎಂದು ಸೌಟು ಹಿಡಿದು ಬರುತ್ತಿದ್ದ. ಅವಳು ಅಂಗೈಯಲ್ಲಿ ಒಂದು ಹನಿ ಹಾಕಿಸಿಕೊಂಡು, ನೆಕ್ಕಿ, ಕಣ್ಣು ಮುಚ್ಚುತ್ತಿದ್ದಳು. ಕೇತ ನಿಂತೇ ಇರುತ್ತಿದ್ದ. ಅನ್ನ ಆರುತ್ತಿತ್ತು.

"ಉಪ್ಪು ಹೇಳೋಕ್ಕೂ ನಿನಗೆ ಸಭೆ ಸೇರಿಸಬೇಕು" ಎಂದು ಗೊಣಗುತ್ತಿದ್ದ.

"ಸಭೆಯಲ್ಲಿ ನೀವೊಬ್ಬರಿದ್ದೀರಲ್ಲ, ಸಾಕು" ಎನ್ನುತ್ತಿದ್ದಳು, ಕಣ್ಣು ತೆರೆಯದೆ.

ಹೀಗಿರುವಾಗ ಒಂದು ವರ್ಷ ಆ ರಾಜ್ಯಕ್ಕೆ ಚಿಟಿಕೆರಾಯನೆಂಬ ಮಾಂತ್ರಿಕ ಬಂದ. ಅವನ ಬೆರಳು ಉದ್ದ, ಮುಖ ನುಣುಪು. ಏನು ಕೇಳಿದರೂ ಚಿಟಿಕೆ ಹೊಡೆದಷ್ಟು ಹೊತ್ತಿನಲ್ಲಿ ಉತ್ತರ ಹೇಳುತ್ತಿದ್ದ. ಅವನ ಚಿಟಿಕೆಯಲ್ಲಿ ಮಾಯೆ ಇತ್ತು. ಅದನ್ನು ಕೇಳಿದವರಿಗೆ ತಮಗೂ ಎಲ್ಲ ಗೊತ್ತಿದೆ ಅನ್ನಿಸುತ್ತಿತ್ತು. ಅನ್ನಿಸಿದ ಕೂಡಲೇ ಅವರೂ ಚಿಟಿಕೆ ಹೊಡೆಯುತ್ತಿದ್ದರು. ಎಲ್ಲರಿಗೂ ಬಹಳ ಹಿತವಾಗುತ್ತಿತ್ತು. ಎರವಲು ಮಾತಿನ ಪದ್ಧತಿ ಯಾವಾಗ ಬಿಟ್ಟುಹೋಯಿತೋ ಯಾರಿಗೂ ತಿಳಿಯಲಿಲ್ಲ.

ಆ ವರ್ಷವೇ ಕೆರೆಯ ನೀರು ಕಹಿಯಾಯಿತು. ದನ ಮೂಸಿ ಹಿಂದೆ ಸರಿದವು. ಮೀನು ಬೆಳ್ಳಗೆ ತೇಲಿದವು. ಜನ ಕಟ್ಟೆಗೆ ಓಡಿಬಂದರು.

ಚಿಟಿಕೆರಾಯ ಚಿಟಿಕೆ ಹೊಡೆದ. "ಬೆಟ್ಟದ ಮೇಲಿನ ಜನ ವಿಷ ಹಾಕಿದ್ದಾರೆ. ಓಡಿಸಿ ಅವರನ್ನು."

"ಹೌದು ಹೌದು, ಅವರೇ!" ಎಂದರು ಜನ.

ದೊರೆ ಜಕ್ಕಲೆಯ ಕಡೆ ನೋಡಿದ. "ನೀನೇನಮ್ಮ ಹೇಳ್ತೀಯ?"

"ಗೊತ್ತಿಲ್ಲ, ದೊರೆಯೇ. ಬೆಟ್ಟದ ಮೇಲೆ ಕೆರೆಯ ನೀರು ಹುಟ್ಟೋ ಊಟೆಯ ತನಕ ಹೋಗಬೇಕು. ನೋಡಿ ಹೇಳ್ತೀನಿ."

ಜನ ಗೊಳ್ಳೆಂದು ನಕ್ಕರು. "ಏನವ್ವಾ ಜಕ್ಕಲೆ, ನೀನು ನೋಡಿ ಬರೋದ್ರೊಳಗೆ ನಮ್ಮ ಮೊಮ್ಮಕ್ಕಳಿಗೆ ಹಲ್ಲು ಬೀಳುತ್ತೆ!" ಎಂದ ಒಬ್ಬ. "ಓದಿದ್ದು ಇಷ್ಟೊಂದು, ಗೊತ್ತಿರೋದು ಮಾತ್ರ ಏನೂ ಇಲ್ಲ!" ಎಂದಳು ಇನ್ನೊಬ್ಬಳು.

"ಇವಳು ನಮಗೆ ಬೇಕೇ?" ಎಂದು ಚಿಟಿಕೆರಾಯ ಬೆರಳೆತ್ತಿದ. ಚಿಟಿಕೆ ಹೊಡೆದ. ಜನವೆಲ್ಲ ಚಿಟಿಕೆ ಹೊಡೆದರು. ಒಣಗಿದ ಕಾಡಿಗೆ ಬೆಂಕಿ ಬಿದ್ದಂತೆ ಸದ್ದಾಯಿತು.

ಕೇತ ಕಟ್ಟೆಯ ಕೆಳಗೆ ನಗಾರಿ ಹಿಡಿದು ನಿಂತಿದ್ದ. ಅವನ ಬೆರಳೂ ಚಿಟಿಕೆ ಹೊಡೆಯಿತು.

ಜಕ್ಕಲೆ ಅವನ ಬೆರಳನ್ನು ನೋಡಿದಳು. ಆಮೇಲೆ ಅವಳಿರಲಿಲ್ಲ. ಅವಳ ನೆರಳು ಮಾತ್ರ ಕಟ್ಟೆಯ ಮೇಲೆ ಉಳಿಯಿತು.

ಅಂದಿನಿಂದ ಕೇತ ದಿನವೂ ಬಂದು ಆ ನೆರಳಿನ ಪಕ್ಕ ಕೂರುತ್ತಿದ್ದ. ಬೆಳಿಗ್ಗೆ ಅದು ಕೆರೆಯ ಕಡೆ ಚಾಚಿರುತ್ತಿತ್ತು. ಬಿಸಿಲೇರಿದಂತೆ ಕುಗ್ಗುತ್ತಿತ್ತು. ನಡುಮಧ್ಯಾಹ್ನ ಅಂಗೈಯಷ್ಟಾದಾಗ ಕೇತನ ಉಸಿರು ನಿಲ್ಲುತ್ತಿತ್ತು. ಸಂಜೆ ಮತ್ತೆ ಉದ್ದವಾಗಿ ಮನೆಯ ಕಡೆ ಚಾಚುತ್ತಿತ್ತು. ಮನೆ ಮುಟ್ಟುವ ಮೊದಲು ಹೊತ್ತು ಮುಳುಗುತ್ತಿತ್ತು. ಮೋಡವಿದ್ದ ದಿನ ಅದೂ ಇಲ್ಲ. ಆ ದಿನಗಳಲ್ಲಿ ಅವನು ಬರಿಯ ಕಲ್ಲಿನ ಪಕ್ಕ ಕೂರುತ್ತಿದ್ದ.

ಮನೆಯಲ್ಲಿ ಅಡುಗೆಗೆ ಉಪ್ಪು ಹಾಕುವುದನ್ನು ಬಿಟ್ಟ. ಸಾಕೇ ಎಂದು ಯಾರನ್ನು ಕೇಳುವುದು?

ಒಂದು ದಿನ ದೊರೆ ಕರೆಸಿದ. "ಕೇತ, ಡಂಗುರ ಸಾರು. ಹುಣ್ಣಿಮೆಗೆ ದಂಡು ಬೆಟ್ಟ ಹತ್ತುತ್ತೆ. ಅಲ್ಲಿನ ಒಂದು ಗುಡಿಸಲೂ ಉಳಿಯಬಾರದು."

ಕೇತ ನಗಾರಿ ಎತ್ತಿಕೊಂಡ. ಕೋಲು ಹಿಡಿದ. ಕೈ ಮೇಲೇಳಲಿಲ್ಲ.

"ಬುದ್ಧಿ, ಒಂದು ಸಲ ಊಟೆ ನೋಡಿ ಬರ್ತೀನಿ. ಅವಳು ನೋಡಬೇಕು ಅಂದಿದ್ದಳು. ಆ ಮಾತು ಅವಳದು, ನನ್ನ ಹತ್ತಿರ ಉಳಿದುಹೋಗಿದೆ."

ದೊರೆ, "ಹುಣ್ಣಿಮೆಯೊಳಗೆ ಬಾ" ಎಂದ.

ಕೇತ ಬುತ್ತಿ ಕಟ್ಟಿಕೊಂಡ. ನಗಾರಿ ಹೆಗಲಿಗೆ ಹಾಕಿದ. ನೆರಳಿಗೆ ಹೇಳಿ ಬೆಟ್ಟ ಹತ್ತಿದ.

ಮೊದಲು ಸಿಕ್ಕಿದ್ದು ಗಿಳಿಗಳ ಕಾಡು. ಎಲೆಗಿಂತ ಗಿಳಿಗಳೇ ಹೆಚ್ಚು. ಕೇತ ತನ್ನಷ್ಟಕ್ಕೆ, "ಎಂಥಾ ಬಿಸಿಲು" ಎಂದ.

"ಎಂಥಾ ಬಿಸಿಲು! ಎಂಥಾ ಮಾತು! ಕೇತಣ್ಣ ಹೇಳಿದ್ದೇ ಸರಿ!" ಎಂದವು ಗಿಳಿಗಳು.

ಕೇತನಿಗೆ ಖುಷಿಯಾಯಿತು. ಅವನ ಮಾತನ್ನು ಯಾರೂ ಹೀಗೆ ಹೊಗಳಿರಲಿಲ್ಲ. ಇನ್ನೊಂದು ಮಾತಾಡಿದ, ಮತ್ತೊಂದು ಮಾತಾಡಿದ. ಗಿಳಿಗಳು ಹೌದು ಹೌದು ಎಂದವು. ಹೆಜ್ಜೆ ಎತ್ತಲು ನೋಡಿದರೆ ಪಾದದಿಂದ ಬೇರು ಇಳಿದಿತ್ತು. ಸುತ್ತಲಿನ ಮರಗಳನ್ನು ನೋಡಿದ. ಒಂದೊಂದಕ್ಕೂ ಮನುಷ್ಯರ ಮುಖವಿತ್ತು, ಬಾಯಿ ತೆರೆದುಕೊಂಡೇ ಇತ್ತು.

"ಎತ್ತ ಹೋಗಬೇಕು ಕೇತಣ್ಣ? ನೀನು ಹೇಳಿದ್ದೇ ದಾರಿ!" ಎಂದವು ಗಿಳಿಗಳು.

ಅವನಿಗೆ ಜಕ್ಕಲೆಯ ನೆನಪಾಯಿತು. "ನನಗೆ ಗೊತ್ತಿಲ್ಲ" ಎಂದ.

ಗಿಳಿಗಳು ಬಾಯಿ ತೆರೆದವು, ಮುಚ್ಚಿದವು. ಆ ಒಂದು ಮಾತಿಗೆ ಅವುಗಳ ನಾಲಿಗೆ ಹೊರಳಲಿಲ್ಲ. ಕಾಡಿನಲ್ಲಿ ಸದ್ದಡಗಿತು. ಆ ಸದ್ದಿಲ್ಲದ ಕಾಡಿನಲ್ಲಿ ದೂರದಲ್ಲೆಲ್ಲೋ ನೀರು ತೊಟ್ಟಿಕ್ಕುವುದು ಕೇಳಿಸಿತು. ಬೇರು ಕಳಚಿತು. ಕೇತ ಆ ಸದ್ದಿನ ಕಡೆ ನಡೆದ.

ಎರಡನೆಯದಾಗಿ ಸಿಕ್ಕಿದ್ದು ಒಂದು ಕೋಣ, ಬಂಡೆಯಷ್ಟು ದೊಡ್ಡದು. ದಾರಿಗೆ ಅಡ್ಡ ನಿಂತಿತ್ತು. ಅದರ ಕೊಂಬಿನಿಂದ ಹೊಗೆ ಬರುತ್ತಿತ್ತು.

"ಏಯ್ ಡಂಗುರದವನೇ, ಹಿಂದಿರುಗು! ಮನುಷ್ಯರು ಈ ದಾರಿಯಲ್ಲಿ ಕಾಲಿಡಬಾರದು!"

ಕೇತ ನಗಾರಿ ಇಳಿಸಿ ಕೈಮುಗಿದ. "ಕೋಣಪ್ಪ, ನಿನ್ನ ಮಾತು ಎರವಲು ಕೊಡು. ನೀನು ಹೇಳಿದ್ದು, ಈ ದಾರಿ ನಿನ್ನದು ಅಂತ."

"ಅಲ್ಲ!" ಕೋಣ ಹಾಯ್ದು ಅವನನ್ನು ಮುಳ್ಳಿನ ಪೊದೆಗೆ ಎಸೆಯಿತು.

ಕೇತ ಎದ್ದ. ಮುಳ್ಳು ಕಿತ್ತುಕೊಂಡ. "ಹಾಗಾದರೆ ಮನುಷ್ಯರು ಕೆಟ್ಟವರು ಅಂತ."

"ಅದೂ ಅಲ್ಲ!" ಮತ್ತೆ ಎಸೆಯಿತು.

ಕೇತ ಈ ಸಲ ಬೇಗ ಏಳಲಿಲ್ಲ. ಬಿದ್ದಲ್ಲಿಂದಲೇ ಕೋಣವನ್ನು ನೋಡಿದ. ಅದರ ಚರ್ಮ ಬಿರಿದಿತ್ತು. ಅದರ ಹಿಂದೆ ಒಂದು ಹೊಂಡ ಒಣಗಿ ಸೀಳುಬಿಟ್ಟಿತ್ತು.

"ನೀನು ಹೇಳೋದು ಇಷ್ಟು" ಎಂದ. "ನೀನು ಮೈ ನೆನೆಸ್ತಿದ್ದ ಹೊಂಡ ಬತ್ತಿದೆ. ಮನುಷ್ಯರೇ ಏನೋ ಮಾಡಿ ಮೇಲಿನ ನೀರು ಕಟ್ಟಿದ್ದಾರೆ. ಹೊಸಬ ಬಂದರೆ ಇನ್ನೇನು ಕಟ್ಟುತ್ತಾನೋ ಅಂತ ನಿನಗೆ ಹೆದರಿಕೆ."

ಕೋಣದ ಕೊಂಬಿನ ಹೊಗೆ ನಿಂತಿತು. "ಹೌದು" ಎಂದಿತು ಮೆಲ್ಲಗೆ. "ನನ್ನ ಮಾತು ಇದೇ."

"ಬರಿದಾಗಿ ಹಿಂದಿರುಗಿಸಲ್ಲ, ಕೋಣಪ್ಪ. ನೀರು ಬಿಡಿಸೋಕೆ ಆಗುತ್ತಾ ನೋಡ್ತೀನಿ."

ಕೋಣ ಮಂಡಿಯೂರಿತು. ಅವನನ್ನು ಬೆನ್ನ ಮೇಲೆ ಹೊತ್ತು ಊಟೆಯ ಹತ್ತಿರ ಇಳಿಸಿತು.

ಅಲ್ಲಿ ನೀರಿರಲಿಲ್ಲ. ಊಟೆಯ ಬಾಯಿಯ ಮೇಲೆ ಕರಿಕಲ್ಲಿನ ರಾಶಿ ಬಿದ್ದಿತ್ತು. ರಾಶಿಯ ಅಡಿಯಿಂದ ಕಪ್ಪು ಕಹಿ ರಸ ಜಿನುಗುತ್ತಿತ್ತು. ರಾಶಿಯ ಮೇಲೆ ಜಕ್ಕಲೆ ಕೂತಿದ್ದಳು.

ಅದೇ ಸೀರೆ. ಅದೇ ಹಣೆ.

"ಬಂದಿರಾ?" ಎಂದಳು. "ಚಿಟಿಕೆರಾಯರು ನನ್ನನ್ನು ಬಿಟ್ಟುಬಿಟ್ಟರು. ಒಂದು ಚಿಟಿಕೆ ಹೊಡೆದು 'ಬೆಟ್ಟದವರೇ ಮಾಡಿದ್ದು' ಅಂದುಬಿಡಿ. ಮನೆಗೆ ಹೋಗೋಣ."

"ಬೆಟ್ಟದವರೇನಾ ಮಾಡಿದ್ದು?"

"ಅವರೇ. ಇನ್ಯಾರು?"

ಕೇತ ಅವಳನ್ನು ಬಹಳ ಹೊತ್ತು ನೋಡಿದ. ನೋಡುತ್ತಲೇ ಇರೋಣ ಅನ್ನಿಸಿತು. ಮೆಲ್ಲಗೆ ಬುತ್ತಿ ಬಿಚ್ಚಿದ. ಒಂದು ತುತ್ತು ಮುಂದೆ ಹಿಡಿದ. "ಉಪ್ಪು ಸಾಕೇನೇ?"

"ಸಾಕು, ಸರಿಯಾಗಿದೆ" ಎಂದಳು, ತಕ್ಷಣ. ತುತ್ತು ಮುಟ್ಟಲಿಲ್ಲ.

ಬುತ್ತಿಯಲ್ಲಿ ಉಪ್ಪೇ ಇರಲಿಲ್ಲ.

ಕೇತ ತುತ್ತನ್ನು ಮತ್ತೆ ಬುತ್ತಿಗೆ ಹಾಕಿದ. "ನೀನು ಅವಳಲ್ಲ" ಎಂದ. "ಆದರೂ ಒಂದು ಗಳಿಗೆ ಇರು. ಮುಖ ನೋಡಿಕೊಳ್ತೀನಿ."

ಅವಳು ಇರಲಿಲ್ಲ. ಗಾಳಿಗೆ ಬೂದಿ ಹಾರಿದಂತೆ ಹಾರಿಹೋದಳು.

ಕೇತ ಅತ್ತ. ಆಮೇಲೆ ಕಲ್ಲು ಎತ್ತಲು ಹೋದ. ಒಂದೂ ಅಲುಗಲಿಲ್ಲ. ಒಂದಕ್ಕೆ ಕಿವಿಯಿಟ್ಟ. ಒಳಗೆ ಚಿಟಿಕೆಯ ಸದ್ದು. ಇನ್ನೊಂದಕ್ಕೆ ಇಟ್ಟ, ಅಲ್ಲೂ ಚಿಟಿಕೆ. ನುಡಿಗೆರೆಯ ಜನ ನೋಡದೆ, ಕೇಳದೆ ಹೊಡೆದ ಚಿಟಿಕೆ ಒಂದೊಂದೂ ಒಂದೊಂದು ಕಲ್ಲಾಗಿ ಬಂದು ಊಟೆಯ ಬಾಯಿಗೆ ಬಿದ್ದಿತ್ತು. ಕೊನೆಗೆ ಒಂದು ಕಲ್ಲಿನಲ್ಲಿ ಚಿಟಿಕೆಯ ಹಿಂದೆಯೇ ನಗಾರಿಯ ಸಣ್ಣ ಗುಂಯ್ ಸದ್ದು ಕೇಳಿಸಿತು. ಅದು ಅವನದೇ. ಅದು ಮಾತ್ರ ಅವನ ಕೈಗೆ ಎದ್ದಿತು.

ಆ ಕಲ್ಲು ಇದ್ದ ಜಾಗದಿಂದ ನೂಲಿನಷ್ಟು ನೀರು ಬಂತು, ತಿಳಿಯಾಗಿ. ಹಿಡಿಯಲು ಪಾತ್ರೆ ಇರಲಿಲ್ಲ. ಕೇತ ನಗಾರಿಯ ತೊಗಲು ಹರಿದ. ಅದರ ತಾಮ್ರದ ಹೊಟ್ಟೆಯಲ್ಲಿ ನೀರು ಹಿಡಿದುಕೊಂಡು ಬೆಟ್ಟ ಇಳಿದ.

ಹುಣ್ಣಿಮೆಯ ಬೆಳಿಗ್ಗೆ. ದಂಡು ಕಟ್ಟೆಯ ಮುಂದೆ ನಿಂತಿತ್ತು. ಚಿಟಿಕೆರಾಯ ದೊರೆಯ ಪಕ್ಕದಲ್ಲಿದ್ದ.

"ಬುದ್ಧಿ, ಚಿಟಿಕೆರಾಯರ ಮಾತು ಎರವಲು ಬೇಕು" ಎಂದ ಕೇತ. "ಹಳೆಯ ಪದ್ಧತಿ."

ದೊರೆ ತಲೆಯಾಡಿಸಿದ.

"ಸ್ವಾಮಿ, ನೀವು ಹೇಳಿದ್ದು ಹೀಗೆ. ನೀರು ಬರೋದು ಮೇಲಿಂದ. ಮೇಲಿರೋರು ಬೆಟ್ಟದ ಜನ. ನಮಗೂ ಅವರಿಗೂ ಹಿಂದಿನಿಂದ ಆಗಿಬರಲ್ಲ. ದನ ಸಾಯ್ತಿವೆ, ತಡ ಮಾಡಿದರೆ ಮಕ್ಕಳೂ ಸಾಯ್ತಾರೆ. ಅದಕ್ಕೆ ಈಗಲೇ ಓಡಿಸಬೇಕು."

ಜನ ಬೆರಗಾದರು. ಚಿಟಿಕೆರಾಯ ಕೂಡ ಇಷ್ಟು ಚೆನ್ನಾಗಿ ಹೇಳಿರಲಿಲ್ಲ.

"ಹೌದು, ನನ್ನ ಮಾತು ಇದೇ" ಎಂದ ಚಿಟಿಕೆರಾಯ, ಉದ್ದನೆಯ ಬೆರಳು ನೀವುತ್ತಾ.

"ಮಕ್ಕಳ ಚಿಂತೆ ನಿಜ. ಮೇಲೆ ನಾನು ಕಂಡದ್ದು ಬೇರೆ." ಕೇತ ಕಲ್ಲುಗಳ ವಿಷಯ ಹೇಳಿದ. ತನ್ನ ಕಲ್ಲಿನ ವಿಷಯವನ್ನೂ ಹೇಳಿದ. ನಗಾರಿಯ ತಾಮ್ರದ ಬಟ್ಟಲನ್ನು ದೊರೆಯ ಮುಂದಿಟ್ಟ. ದೊರೆ ಕುಡಿದ. ಕಣ್ಣರಳಿಸಿದ.

"ನನ್ನ ಮಾತನ್ನೂ ನಂಬಬೇಡಿ, ಬುದ್ಧಿ. ಬಂದು ನೋಡಿ. ಸ್ವಾಮಿ ಚಿಟಿಕೆರಾಯರೇ, ಈಗ ನನ್ನ ಮಾತು ನೀವು ಎರವಲು ತಗೊಳ್ಳಿ. ನಾನು ಹೇಳಿದ್ದು ಏನು?"

ಚಿಟಿಕೆರಾಯ ಬಾಯಿ ತೆರೆದ. ಅವನು ಕೇಳಿಸಿಕೊಂಡೇ ಇರಲಿಲ್ಲ. ಹುಟ್ಟಿದಾಗಿನಿಂದ ಯಾರ ಮಾತನ್ನೂ ಕೇಳಿಸಿಕೊಂಡವನಲ್ಲ. ಅವನ ಮುಖ ಕೆಂಪಾಯಿತು. ಕೈಯೆತ್ತಿ ಚಿಟಿಕೆ ಹೊಡೆದ. "ಇವನು ನಮಗೆ ಬೇಕೇ?"

ಜನರ ಕೈಗಳು ಅಭ್ಯಾಸದಂತೆ ಮೇಲೆದ್ದವು. ಬೆರಳಿಗೆ ಬೆರಳು ಸೇರಿತು.

ಆಗ ದೊರೆ, "ತಡೀರಿ" ಎಂದ. "ನನಗೆ ಗೊತ್ತಿಲ್ಲ. ನೋಡಿ ಹೇಳ್ತೀನಿ."

ಕಟ್ಟೆಯ ಮೇಲೆ ಆ ಮಾತು ಕೇಳಿ ಬಹಳ ದಿನವಾಗಿತ್ತು. ಒಬ್ಬನ ಕೈ ಇಳಿಯಿತು. "ನೋಡೋಣ" ಎಂದ. ಇನ್ನೊಬ್ಬಳ ಕೈ ಇಳಿಯಿತು. ಒಂದೊಂದಾಗಿ ಎಲ್ಲ ಕೈ ಇಳಿದವು. ಚಿಟಿಕೆರಾಯನ ಚಿಟಿಕೆಯೊಂದೇ ಗಾಳಿಯಲ್ಲಿ ನಿಂತು, ತಿರುಗಿ ಅವನ ಮೇಲೆಯೇ ಬಿತ್ತು. ಅವನು ಕುಗ್ಗಿ ಒಂದು ಒಣಕಾಯಿಯಾದ, ಮಕ್ಕಳು ನೀರು ಸೋಕಿಸಿ ಸಿಡಿಸಿ ಆಡುತ್ತಾರಲ್ಲ, ಅಂಥದ್ದು. ಬಟ್ಟಲಿನ ಒಂದು ಹನಿ ತಗುಲಿತು. ಪಟ್ಟೆಂದು ಸಿಡಿದು ಮುಗಿಯಿತು.

ದಂಡು ಕತ್ತಿ ಕೆಳಗಿಟ್ಟು ಬೆಟ್ಟ ಹತ್ತಿತು. ದೊರೆಯೂ ಹತ್ತಿದ, ಊರೂ ಹತ್ತಿತು. ಗಿಳಿಗಳು ಸುಮ್ಮನೆ ಕೂತಿದ್ದವು. ಮರವಾದವರು ಮನುಷ್ಯರಾಗಿ ಜೊತೆ ಸೇರಿದರು. ಬೆಟ್ಟದ ಜನ ದಾರಿ ತೋರಿಸಿದರು. ಅವರ ಗಂಟಲೂ ಒಣಗಿತ್ತು. ಒಬ್ಬೊಬ್ಬರೂ ಕಲ್ಲಿಗೆ ಕಿವಿಯಿಟ್ಟು ತಮ್ಮ ತಮ್ಮ ಕಲ್ಲು ಹುಡುಕಿ ಎತ್ತಿದರು.

ಕೇತ ಹೋಗಲಿಲ್ಲ. ಅವನ ಕಲ್ಲು ಎತ್ತಿಯಾಗಿತ್ತು. ಕಟ್ಟೆಯ ಮೇಲೆ ಕೂತ. ಮೋಡ ಕವಿದಿತ್ತು. ನೆರಳೂ ಇರಲಿಲ್ಲ. ಕೈಯಿಂದ ಕಲ್ಲನ್ನು ಸವರಿದ. ತಣ್ಣಗಿತ್ತು.

ಹೊತ್ತು ಇಳಿಯುವಾಗ ಮೇಲಿಂದ ನೀರಿನ ಸದ್ದು ಬಂತು. ಕೋಣದ ಹೊಂಡ ತುಂಬಿಸಿ, ಬಂಡೆ ಇಳಿದು, ಕೆರೆಗೆ ನುಗ್ಗಿ, ನೀರು ಕಟ್ಟೆಯ ಮೆಟ್ಟಿಲು ಮುಟ್ಟಿತು. ಮೋಡ ಸರಿಯಿತು. ನೆರಳು ಬಿತ್ತು. ಮೊದಲು ನೆರಳು, ಆಮೇಲೆ ಅದರ ಬುಡದಲ್ಲಿ ಎರಡು ಪಾದ.

ಕೇತ ತಲೆಯೆತ್ತಲು ಹೆದರಿದ. ಪಾದವನ್ನೇ ನೋಡುತ್ತಾ, "ನಿಜವಾಗಿ ಬಂದೆಯಾ?" ಎಂದ.

ಅವಳು ತನ್ನ ಕೈ ತಿರುಗಿಸಿ ನೋಡಿಕೊಂಡಳು. ಕೆರೆ ನೋಡಿದಳು. ಅವನ ನರೆತ ತಲೆ ನೋಡಿದಳು.

"ಬಂದ ಹಾಗೆ ಕಾಣುತ್ತೆ" ಎಂದಳು. "ಇರಿ, ನೋಡಿ ಹೇಳ್ತೀನಿ."

ಅಂದಿನಿಂದ ನುಡಿಗೆರೆಯಲ್ಲಿ ನೀರು ಸಿಹಿ, ಮಾತು ನಿಧಾನ. ಬೆಟ್ಟದವರೂ ಬಯಲಿನವರೂ ಅದೇ ಕಟ್ಟೆಯ ಮೇಲೆ ಕೂತು ಒಬ್ಬರ ಮಾತನ್ನೊಬ್ಬರು ಎರವಲು ಪಡೆದು ಸುಖವಾಗಿ ಬಾಳಿದರು.

ಅವಳು ಬಂದ ಆ ಸಂಜೆ ಕೇತ ಸಾರಿಗೆ ಉಪ್ಪು ಹಾಕಿದ. ಸೌಟು ಹಿಡಿದು ಬಂದ. ಅವಳ ಅಂಗೈಗೆ ಒಂದು ಹನಿ ಹಾಕಿದ. ಜಕ್ಕಲೆ ನೆಕ್ಕಿ, ಕಣ್ಣು ಮುಚ್ಚಿದಳು.

ಅನ್ನ ಆರಿತು. ಕೇತ ನಿಂತೇ ಇದ್ದ.