ನಲವತ್ತೊಂದು ಸಾಲ, ಒಂದೇ ಬಾಗಿಲು

"ಫೈಲ್ ಕೆಳಗಿಡು!"

ನಾನು ಇಡಲಿಲ್ಲ.

ರೆಕಾರ್ಡ್ ರೂಮಿನಿಂದ ಹೊರಗೆ ಹೋಗಲು ಇದ್ದದ್ದು ಒಂದೇ ದಾರಿ. ಆ ದಾರಿಗೆ ಅಡ್ಡವಾಗಿ ಕಂಬ ನಿಂತಿದ್ದ. ಸಾಲದ ಕಂಪನಿಯ ಸೆಕ್ಯುರಿಟಿ. ಆರೂವರೆ ಅಡಿ ಎತ್ತರ... ಕೈಯಲ್ಲಿ ಕಬ್ಬಿಣದ ರಾಡ್! ಕಂಬ ಅಂದದ್ದು ನಾನು; ಅವನಿಗೊಂದು ಹೆಸರು ಇದ್ದಿರಬೇಕು. ಕೇಳುವ ಹೊತ್ತು ಅದಾಗಿರಲಿಲ್ಲ.

"ಇದನ್ನ ನೋಡೋ ಹಕ್ಕು ಸಾಲ ತಗೊಂಡವಳಿಗಿದೆ ಕಣಯ್ಯಾ. ಅವಳು ಕೊಟ್ಟ ಲೆಟರ್ ನನ್ನ ಜೇಬಲ್ಲಿದೆ."

"ಫೈಲ್ ಕಳೆದುಹೋಗಿದೆ ಅಂತ ಸಾಹೇಬ್ರು ಬರೆದುಕೊಟ್ಟಿದಾರಲ್ಲ!"

"ಸಿಕ್ತು. ಖುಷಿಪಡು."

ಮಧ್ಯಾಹ್ನ ಮೂರೂಕಾಲು. ನಾಲ್ಕಕ್ಕೆ ವಿಚಾರಣೆ. ಅಷ್ಟರೊಳಗೆ ಫೈಲ್ ತಲುಪದಿದ್ದರೆ ಒಬ್ಬ ದರ್ಜಿ ಹೆಂಗಸಿನ ಹೊಲಿಗೆ ಮೆಷಿನ್ ಇವತ್ತೇ ಜಪ್ತಿ! ಅತ್ತೆಯ ಆಪರೇಷನ್‌ಗೆಂದು ಸಾಲ ಮಾಡಿದ್ದಳು. ಮನೆಯಲ್ಲಿ ನಾಲ್ಕು ಹೊಟ್ಟೆ. ನಾಲ್ಕನ್ನೂ ಸಾಕುತ್ತಿದ್ದದ್ದು ಆ ಒಂದು ಮೆಷಿನ್.

ಅವಳ ವಿಳಾಸ ನೋಡಿದಾಗಲೇ ನನಗೆ ನಗು ಬಂದಿತ್ತು. ನಾನು ನೆಲಮಹಡಿ, ಅವಳು ಮೂರನೇ ಮಹಡಿ. ಒಂದೇ ಕಟ್ಟಡ, ನಾಲ್ಕು ವರ್ಷ... ನಮ್ಮ ಮುಖಪರಿಚಯ ಆದದ್ದು ಸಾಲಗಾರರ ದೂರು ನೋಡುವ ನನ್ನ ಆಫೀಸಿನಲ್ಲಿ, ಅವಳು ಕೇಸು ಹಿಡಿದು ಬಂದಾಗ. ನಾನು ಬೆಳಕು ಹರಿಯುವ ಮುಂಚೆ ಹೊರಡುವವನು. ಒಂದೇ ಕಟ್ಟಡ ಎಂದು ಅವಳಿಗೆ ಹೇಳಲೂ ಇಲ್ಲ. ಹೇಳಿ ಏನಾಗಬೇಕಿತ್ತು?

ಕಾನೂನು ಸರಳ, ಕೇಳಿ. ಸಾಲ ಕೊಡುವ ಮುಂಚೆ, ತೀರಿಸುವ ಶಕ್ತಿ ಇದೆಯೇ ಎಂದು ಕಂಪನಿಯವರು ಮನೆಗೇ ಹೋಗಿ ನೋಡಬೇಕು. ಎಷ್ಟು ಜನ, ಎಷ್ಟು ಖರ್ಚು ಎಂದು ಕೇಳಬೇಕು. ಹೋಗಿದ್ದಕ್ಕೆ ಸಾಕ್ಷಿಯಾಗಿ ಮನೆ ಬಾಗಿಲಿನ ಫೋಟೋ ಅಂಟಿಸಬೇಕು. ನೋಡದೆ ಕೊಟ್ಟರೆ ಜಪ್ತಿ ಮಾಡುವಂತಿಲ್ಲ!

ಕಂಬ ಬರುವ ಮುಂಚೆಯೇ ಫೈಲ್ ತೆರೆದಿದ್ದೆ. 'ಮನೆಯಲ್ಲಿರುವವರು: ಒಬ್ಬರು' ಎಂದಿತ್ತು. ಕೆಳಗೆ ಫೋಟೋ. ಹಸಿರು ಬಾಗಿಲು, ಹಿತ್ತಾಳೆ ಬೀಗ, ಕೆಳಮೂಲೆಯಲ್ಲಿ ಬಣ್ಣ ಎದ್ದುಹೋಗಿದೆ.

ಪಕ್ಕದ ಫೈಲ್ ಎಳೆದೆ. ಸಾಲಗಾರ ಬೇರೆ, ಬಾಗಿಲು ಅದೇ.

ಇನ್ನೊಂದು... ಅದೇ!

ಆ ಕಪಾಟಿನಲ್ಲಿ ನಲವತ್ತೊಂದು ಫೈಲ್. ನಲವತ್ತೊಂದರಲ್ಲೂ ಅದೇ ಬಾಗಿಲು.

ಅದು ನನ್ನ ಮನೆ ಬಾಗಿಲು.

"ಇಲ್ಲೇ ಸತ್ರೆ ಯಾರಿಗೆ ಫೋನ್ ಮಾಡ್ಲಿ?" ಕಂಬ ಹಲ್ಲು ಕಿರಿದ.

"ಯಾರಿಗೂ ಬೇಡ. ನಿಂಗೆ ಬಿಲ್ ಉಳೀತು."

ಅವನು ರಾಡ್ ಎತ್ತಿದ. ನಾನು ಕಪಾಟಿಗೆ ಹೆಗಲು ಕೊಟ್ಟೆ!

ಎರಡು ವರ್ಷದ ಸಾಲ ಅವನ ತಲೆಯ ಮೇಲೆ ಬಿತ್ತು. ಬೀಳುವ ಮುಂಚೆ ರಾಡ್ ನನ್ನ ಭುಜಕ್ಕೆ ತಾಗಿತ್ತು. ಎದ್ದೆನೋ ಬಿದ್ದೆನೋ ಎಂದು ಮೆಟ್ಟಿಲು ಇಳಿದೆ. ಬೀದಿ... ಟ್ರಾಫಿಕ್... ಹಿಂದೆ ಕಂಬನ ಬೂಟಿನ ಸದ್ದು! ಹೊರಟಿದ್ದ ಬಸ್ಸಿನ ಕಂಬಿ ಕೈಗೆ ಸಿಕ್ಕಿತು. ಅವನ ಕೈಗೆ ನನ್ನ ಶರ್ಟಿನ ತೋಳು ಸಿಕ್ಕಿತು. ತೋಳು ಬಿಟ್ಟುಕೊಟ್ಟೆ.

ವಿಚಾರಣೆಯ ಕೋಣೆ ಸೇರಿದಾಗ ನಾಲ್ಕಕ್ಕೆ ಎರಡು ನಿಮಿಷ ಇತ್ತು. ವಿಚಾರಣೆಯ ಅಧಿಕಾರಿ ಒಬ್ಬ ಹಿರಿಯ ಹೆಂಗಸು. ಮೇಜಿನ ಒಂದು ಕಡೆ ದರ್ಜಿ. ಇನ್ನೊಂದು ಕಡೆ ಕಂಪನಿಯ ಪರವಾಗಿ ಒಬ್ಬ ಕೂಲಿಂಗ್ ಗ್ಲಾಸ್‌ಧಾರಿ. ಮನೆ ನೋಡಿ ಬಂದೆ ಎಂದು ನಲವತ್ತೊಂದು ಫೈಲಿಗೂ ಸಹಿ ಹಾಕಿದ್ದವನು ಅವನೇ. ಫೈಲ್ ಬಿಚ್ಚಿಟ್ಟು, ಇದು ಇವಳ ಬಾಗಿಲಲ್ಲ, ನಲವತ್ತೊಂದು ಫೈಲಿನಲ್ಲೂ ಇದೇ ಫೋಟೋ ಎಂದೆ.

"ಬಾಗಿಲು ಇವರದೇ ಮೇಡಂ. ನಾನೇ ಹೋಗಿದ್ದೆ!"

ಮೇಡಂ ನನ್ನತ್ತ ತಿರುಗಿದರು. "ಇವರದಲ್ಲ ಅಂತ ನೀವು ಹೇಗೆ ಹೇಳ್ತೀರಿ?"

ಜೇಬಿನಿಂದ ಬೀಗದ ಕೈ ತೆಗೆದು ಮೇಜಿನ ಮೇಲಿಟ್ಟೆ.

"ಬೀಗದ ಕೈ ನನ್ನ ಹತ್ರ ಇದೆ ಮೇಡಂ. ಎರಡೇ ಬೀದಿ. ನಡೀರಿ."

ಎಲ್ಲರೂ ನಡೆದೇ ಬಂದೆವು. ಬೀಗದ ಕೈ ತಿರುಗಿಸಿದೆ. ಬೀಗ ತೆರೆದುಕೊಂಡಿತು.

ಒಳಗೆ ಒಂದು ಕುರ್ಚಿ. ಒಂದು ತಟ್ಟೆ. ಹಗ್ಗದ ಮೇಲೆ ಒಂದು ಟವೆಲ್. ಆ ಮನೆಯೊಳಗೆ ಒಟ್ಟಿಗೆ ನಾಲ್ಕು ಜನ ನಿಂತದ್ದು ಅದೇ ಮೊದಲು. ಯಾರನ್ನು ಕೂರಿಸಲಿ ಎಂದು ತಿಳಿಯದೆ ನಾಚಿಕೆಯಾಯಿತು.

"ಅಣ್ಣಾ... ನೀವು ನಮ್ಮ ಕೆಳಗಡೇನೇ ಇರೋದಾ?" ದರ್ಜಿಯ ಕಣ್ಣು ಅಗಲವಾಯಿತು.

"ಹ್ಞೂಂ ಕಣಮ್ಮ."

"ಒಂದು ಮಾತು ಹೇಳಬಾರದಿತ್ತಾ?"

ನಾನು ಹಗ್ಗದ ಮೇಲಿನ ಟವೆಲ್ ಎಳೆದು ಕುರ್ಚಿ ಒರೆಸಿದೆ.

ಮೇಡಂ ನಿಂತಲ್ಲೇ ಬರೆದರು. ಜಪ್ತಿ ರದ್ದು, ರೆಕಾರ್ಡ್ ರೂಮಿಗೆ ಸೀಲ್! ದರ್ಜಿ ಮುಖ ಮುಚ್ಚಿಕೊಂಡು ಬಿಕ್ಕಿದಳು. ನನಗೆ ಸಂತೋಷವಾಯಿತು, ಸುಳ್ಳು ಹೇಳುವುದಿಲ್ಲ. ಆದರೂ ಇವರೆಲ್ಲ ಈಗ ಹೊರಟುಬಿಡುತ್ತಾರಲ್ಲ ಎನ್ನಿಸಿತು.

ಪೆನ್ ಮುಚ್ಚಿ ಮೇಡಂ ಕೂಲಿಂಗ್ ಗ್ಲಾಸ್‌ನತ್ತ ನೋಡಿದರು.

"ಮೆಟ್ಟಿಲು ಹತ್ತೋಕೆ ಸೋಮಾರಿತನ, ಅರ್ಥ ಆಯ್ತು. ಎಲ್ಲದಕ್ಕೂ ಇದೇ ಬಾಗಿಲು ಯಾಕೆ?"

ಅವನು ತಲೆ ತಗ್ಗಿಸಿದ.

"ಎದುರುಗಡೆ ಟೀ ಅಂಗಡೀಲಿ ಕೂತು ಫಾರಂ ತುಂಬ್ತಿದ್ದೆ ಮೇಡಂ. ಎರಡು ವರ್ಷ ನೋಡಿದೀನಿ. ಒಬ್ಬ ನೆಂಟ ಬಂದಿಲ್ಲ, ಒಬ್ರು ಬಾಗಿಲು ತಟ್ಟಿಲ್ಲ... ಇಲ್ಲಿ ಯಾರೂ ಬದುಕ್ತಿಲ್ಲ ಅಂದ್ಕೊಂಡೆ."

ಈ ಮಾತೂ ಸೇರಿ ಅವನು ಕೊಟ್ಟ ನಲವತ್ತೆರಡು ವರದಿಗಳಲ್ಲಿ ಸುಳ್ಳಿಲ್ಲದ್ದು ಇದೊಂದೇ.